ನೀಲಿ ವೃತ್ತದ ಜೊತೆ ಒಂದು ಮಧ್ಯಾಹ್ನ

ಬೆಳಿಗ್ಗೆ ಎರಡು ಸಾಲು ಮಲ್ಲಿಗೆ ಕೊಯ್ದೆ. ಕಟ್ಟಿ ಕಟಪಾಡಿಯ ಹೂವಿನ ಮಾರುಕಟ್ಟೆಗೆ ಕಳಿಸಿದೆ. ಕುಚ್ಚಲಕ್ಕಿ ಬೇಯಲು ಇಟ್ಟೆ. ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆ. ನನ್ನ ಇನ್‌ಹೇಲರ್, ಎರಡು ಪಫ್. ಮೊಬೈಲ್ ಚಾರ್ಜಿಗೆ ಹಾಕಿದೆ.

ಮೂರು ತಿಂಗಳ ಹಿಂದೆ ಇದೇ ಜಗಲಿಯಲ್ಲಿ ಹೂ ಕಟ್ಟುವಾಗ, ಗಂಟು ಹಾಕಿದಾಗಲೆಲ್ಲ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು. ಶೀತ ಅಂದುಕೊಂಡೆ.

ನ್ಯುಮೋನಿಯಾ.

ಮಣಿಪಾಲದಲ್ಲಿ ಒಂಬತ್ತು ದಿನ, ಮೂಗಿಗೆ ಆಕ್ಸಿಜನ್. ಮನೆಗೆ ಬಂದ ಮೇಲೂ ಮಲಗಲು ಆಗಲಿಲ್ಲ. ಬೆನ್ನು ಚಾಪೆಗೆ ತಾಗಿದರೆ ಸಾಕು, ಬಾವಿಗೆ ಇಳಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಕುರ್ಚಿಯಲ್ಲೇ ಕುಳಿತು ನಿದ್ದೆ.

"ಎಕ್ಸ್‌ರೇ ಕ್ಲಿಯರ್ ಉಂಟು. ಈಗ ಇರುವುದು ಹೆದರಿಕೆ ಮಾತ್ರ," ಅಂದರು ಡಾಕ್ಟರ್. ಫಿಸಿಯೋಥೆರಪಿಯ ಹುಡುಗಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ನೀಲಿ ವೃತ್ತ. ಅದು ಅರಳಿದಾಗ ಉಸಿರು ಒಳಗೆ, ಕುಗ್ಗಿದಾಗ ಹೊರಗೆ.

"ಉಸಿರಾಡ್ಲಿಕ್ಕೂ ಮೊಬೈಲ್ ಬೇಕಾ ಮಾರಾಯ್ತಿ?" ಅತ್ತೆ ನಕ್ಕರು. "ನಾಳೆ ಸೀನ್ಲಿಕ್ಕೆ ಎಂತ ತರ್ತಿ?"

ಮೊದಲ ವಾರ ವೃತ್ತ ಮುಂದೆ, ನಾನು ಹಿಂದೆ. ಹೊರಟ ಬಸ್ಸಿನ ಹಿಂದೆ ಓಡಿದ ಹಾಗೆ. ಎದೆ ಇನ್ನಷ್ಟು ಹೊಡೆದುಕೊಂಡಿತು. ಮತ್ತೆ ಹೋದಾಗ ಆ ಹುಡುಗಿ, "ನಿಮಗೆ ಕಾಯ್ಲಿಕ್ಕೆ ವೃತ್ತಕ್ಕೇ ಹೇಳುವಾ ಅಕ್ಕಾ," ಎಂದು ಅದರ ವೇಗ ಇಳಿಸಿದಳು. ಒಳಗೆ ಮೂರು, ಹೊರಗೆ ನಾಲ್ಕು.

ಕೈ ಸುಮ್ಮನಿರುವುದಿಲ್ಲವಲ್ಲ, ಮೊಬೈಲನ್ನು ಹೂವಿನ ಬುಟ್ಟಿಗೆ ಒರಗಿಸಿಟ್ಟೆ. ವೃತ್ತ ಅರಳುವಾಗ ಮೊಗ್ಗು ಜೋಡಿಸುವುದು, ಕುಗ್ಗುವಾಗ ಬಾಳೆನಾರಿನ ಗಂಟು. ಒಂದು ಬೆಳಿಗ್ಗೆ ಮಾಲೆ ಮುಗಿದಾಗ ನೋಡುತ್ತೇನೆ, ಉಸಿರಿನ ನೆನಪೇ ಆಗಿರಲಿಲ್ಲ.

ಆಮೇಲೆ ಮಧ್ಯಾಹ್ನಗಳಲ್ಲಿ ಮಲಗುವ ಅಭ್ಯಾಸ. ಮೊದಲು ನಾಲ್ಕು ತಲೆದಿಂಬು, ಮತ್ತೆ ಮೂರು, ಎರಡು. ನೋಡಿಕೊಳ್ಳುತ್ತೇನೆ ಎಂದು ಅತ್ತೆ ಪಕ್ಕದಲ್ಲಿ ಚಾಪೆ ಹಾಸುತ್ತಿದ್ದರು. ವೃತ್ತ ಹತ್ತು ಸಲ ಅರಳುವುದರೊಳಗೆ ಅವರದೇ ಗೊರಕೆ. ನಾನು ಎಚ್ಚರ, ಪ್ರತಿದಿನವೂ.

ಇವತ್ತು ಒಂದೇ ದಿಂಬು.

ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ಬೆರಳಲ್ಲಿ ಬೆಳಗಿನ ಮಲ್ಲಿಗೆಯ ವಾಸನೆ. ವೃತ್ತ ಅರಳಿತು, ಗೋಡೆಯ ಬೆಳಕೂ ಅರಳಿದ ಹಾಗೆ ಕಂಡಿತು; ಕುಗ್ಗಿತು, ಕೋಣೆಯೇ ಮೆಲ್ಲ ಉಸಿರು ಬಿಟ್ಟಿತು. ಬಾವಿ ಬಂತು. ಇಳಿದೆ. ನೀರು ನನ್ನನ್ನು ಎತ್ತಿಕೊಂಡಿತು.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯಿಂದ ಇಳಿದಿತ್ತು. ಅತ್ತೆ ಮೊಬೈಲ್ ಹಿಡಿದು ಕುಳಿತಿದ್ದರು.

ಇನ್‌ಹೇಲರ್ ಬಿಟ್ಟಿಲ್ಲ, ಮುಂದಿನ ತಿಂಗಳು ಮತ್ತೆ ಚೆಕಪ್ ಉಂಟು. ನಾಳೆ ಹೇಗೋ ಗೊತ್ತಿಲ್ಲ. ಇವತ್ತು ಉಂಡದ್ದು ಗಂಜಿ, ಒಣಸಿಗಡಿ ಚಟ್ನಿ. ಮೊದಲು ನಿದ್ದೆ ಹೋದದ್ದು ಯಾರೆಂದು ಅತ್ತೆಯೇ ಹೇಳಿದರು:

"ನೀನೇ. ಈ ಮೊಬೈಲ್ ಪಾಪ, ಒಂಟಿಯಾಗಿ ಉಸಿರಾಡ್ತಾ ಇತ್ತು. ನಾನು ಜೊತೆಗೆ ಕೂತೆ."