ಅತ್ತೆಯ ಪಾತಾಳಗರಡಿ

ನಾನು ಮದುವೆಯಾಗಿ ಬಂಟ್ವಾಳ ಪೇಟೆಗೆ ಬಂದಾಗ ನಮ್ಮ ಕೇರಿಯಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲದ ಒಂದು ವಸ್ತು ಅತ್ತೆಯ ಬಳಿ ಇತ್ತು: ಪಾತಾಳಗರಡಿ. ಒಂದು ಕಬ್ಬಿಣದ ಬಳೆ, ಅದರ ಸುತ್ತ ನೇತಾಡುವ ಕೊಕ್ಕೆಗಳು. ಹಗ್ಗ ಕಟ್ಟಿ ಬಾವಿಯ ತಳಕ್ಕಿಳಿಸಿ ಆಡಿಸಿದರೆ, ಬಿದ್ದುಹೋದ ಕೊಡಪಾನ ಯಾವುದಾದರೂ ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತದೆ. ಅತ್ತೆ ಅದನ್ನು ವೇಣೂರಿನ ತವರಿನಿಂದ ತಂದಿದ್ದರು. "ಬೇರೆಯವರು ತವರಿನಿಂದ ಬಂಗಾರ ತಂದರು, ನಾನು ಕೊಕ್ಕೆ ತಂದೆ" ಎಂದು ಅವರೇ ಹೇಳಿ ನಗುತ್ತಿದ್ದರು.

ಮನೆಯಲ್ಲಿ ಅತ್ತೆ, ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಮದುವೆಯಾಗದ ನಾದಿನಿ ಮತ್ತು ನಾನು. ಗಂಡನ ಸಂಬಳ ಅಕ್ಕಿ, ಮೀನು, ಎಣ್ಣೆಗೆ ಸರಿಹೋಗುತ್ತಿತ್ತು. ಗರಡಿಯನ್ನು ಕೇಳಿದವರಿಗೆಲ್ಲ ಸುಮ್ಮನೆ ಕೊಡುವುದು ರೂಢಿ. ಒಮ್ಮೆ ಯಾರದೋ ಮನೆಗೆ ಹೋದ ಗರಡಿ ಕೊಕ್ಕೆಗಳೆಲ್ಲ ನೆಟ್ಟಗಾಗಿ ಬಾಚಣಿಗೆಯ ಹಾಗೆ ಮರಳಿ ಬಂತು. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಕಮ್ಮಾರನಿಂದ ಸರಿಮಾಡಿಸಿ ತಂದ ದಿನವೇ ಎದುರು ಮನೆಯಾಕೆ ಗರಡಿ ಕೇಳಿಕೊಂಡು ಬಂದಳು.

"ಇನ್ನು ಗರಡಿ ಒಂದನ್ನೇ ಕಳಿಸುವುದಿಲ್ಲ" ಎಂದರು ಅತ್ತೆ. "ಗರಡಿಯ ಜೊತೆ ಇವರಿಬ್ಬರೂ ಬರ್ತಾರೆ. ಕೊಡಪಾನಕ್ಕೆ ನಾಲ್ಕಾಣೆ, ಚೆಂಬಿಗೆ ಎರಡಾಣೆ."

ನಾನೂ ನಾದಿನಿಯೂ ಮುಖ ಮುಖ ನೋಡಿಕೊಂಡೆವು. ನಮ್ಮಿಬ್ಬರಿಗೂ ಗರಡಿ ಹಿಡಿದೇ ಗೊತ್ತಿರಲಿಲ್ಲ.

ಆದರೂ ಹೋದೆವು. ನಾದಿನಿ ಬಾವಿಗೆ ಬಗ್ಗಿದಳು, ನಾನು ಅವಳ ಲಂಗವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಬಹಳ ಹೊತ್ತು ಕೆಸರು ಕಲಕಿದ ಮೇಲೆ ಅವಳು ಕೂಗಿದಳು: "ಅತ್ತಿಗೆ, ಕಚ್ಚಿತು!" ಇಬ್ಬರೂ ಸೇರಿ ಎಳೆದೆವು. ಕೊಡಪಾನ ಕಟ್ಟೆಯ ಮೇಲೆ ಬಂದು ಕೂತದ್ದೇ ತಡ, ಅದರೊಳಗಿಂದ ಒಂದು ಕಪ್ಪೆ ಹಾರಿ ಮನೆಯಾಕೆಯ ಹೆಗಲೇರಿತು. ಆಕೆ ಕಿರುಚುತ್ತಾ ಅಂಗಳ ಸುತ್ತಿದಳು. ನಾವು ನಗು ತಡೆಯಲಾಗದೆ ನೆಲಕ್ಕೇ ಕೂತೆವು. ಆದರೂ ಆ ಪುಣ್ಯಾತ್ಗಿತ್ತಿ ನಾಲ್ಕಾಣೆಯ ಜೊತೆ ಎಲೆಯಲ್ಲಿ ಸುತ್ತಿ ಬೇಯಿಸಿದ ಎರಡು ಹಲಸಿನ ಗಟ್ಟಿಯನ್ನೂ ಕೊಟ್ಟಳು.

ಮಳೆಗಾಲದಲ್ಲಿ ಹಗ್ಗಗಳು ಕೊಳೆಯುತ್ತಿದ್ದವು. ನಮಗೆ ಅದೇ ಸುಗ್ಗಿ. ಅಕ್ಕಪಕ್ಕದ ಯಾವ ಬಾವಿಯಿಂದಾದರೂ 'ಡುಬುಂ' ಎಂದು ಕೇಳಿದರೆ ಸಾಕು, ಅರೆಯುವ ಕಲ್ಲಿನ ಮುಂದೆ ಕೂತ ಅತ್ತೆ ತಲೆ ಎತ್ತಿ, "ನಾಲ್ಕಾಣೆ" ಎನ್ನುತ್ತಿದ್ದರು.

ದೇವಸ್ಥಾನದ ಬೀದಿಯ ಅಜ್ಜಿಯೊಬ್ಬರ ಪೂಜೆಯ ಕೊಡಪಾನ ಬಿದ್ದದ್ದು ಆಗಲೇ. ಅಜ್ಜಿಗೆ ಮಡಿ ಎಂದರೆ ಮಡಿ. ನಾವು ಬಾವಿಕಟ್ಟೆ ಮುಟ್ಟುವ ಹಾಗಿಲ್ಲ, ತೆಂಗಿನ ಮರದ ಬುಡದಲ್ಲೇ ನಿಲ್ಲಬೇಕು ಎಂದರು. ನಾದಿನಿಯ ಮುಖ ಕೆಂಪಾಯಿತು.

"ಹಾಗಾದರೆ ನೀವೇ ಹಿಡಿಯಿರಿ ಅಜ್ಜಿ. ನಾವು ಇಲ್ಲಿಂದ ಹೇಳ್ತೇವೆ" ಎಂದಳು.

ಅಜ್ಜಿ ಗರಡಿಯನ್ನು ತೊಳೆದು, ಮತ್ತೂ ತೊಳೆದು, ಬಾವಿಗೆ ಇಳಿಸಿದರು. "ಬರೀ ಕೆಸರು ಮಾರಾಯ್ತಿ!"

"ಎಳೀಬೇಡಿ, ಮೆಲ್ಲ ಆಡಿಸಿ. ಮೀನಿಗೆ ಗಾಳ ಹಾಕಿದ ಹಾಗೆ."

"ನನಗೆ ಮೀನು ಹಿಡಿದು ಗೊತ್ತುಂಟಾ?" ಎಂದು ಅಜ್ಜಿ ಗದರಿದರು. ಮರುಕ್ಷಣವೇ ಅವರ ಸ್ವರ ಏರಿತು: "ಹಿಡಿಯಿತು! ಅಯ್ಯೋ, ಹಿಡಿಯಿತು!"

ಪೂಜೆಯ ಕೊಡಪಾನ ಮೇಲೆ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜಿ ಮಾತ್ರ ಸೆರಗು ಬಿಗಿದು ಗರಡಿಯನ್ನು ಪುನಃ ಇಳಿಸಿದರು.

"ಕೊಡಪಾನ ಬಂತಲ್ಲ ಅಜ್ಜಿ" ಎಂದೆ ನಾನು.

"ಸುಮ್ಮನಿರು. ಇನ್ನೂ ಏನೋ ಉಂಟು."

ಒಂದು ಚೆಂಬು ಬಂತು. ಒಂದು ಹಳೆಯ ಬಾಲ್ದಿಯ ಹಿಡಿ ಬಂತು. ಆಮೇಲೆ ಹಸಿರು ಕಿಲುಬು ಹಿಡಿದ ಒಂದು ಹಿತ್ತಾಳೆಯ ಗಿಂಡಿ. ಅಜ್ಜಿ ಅದನ್ನು ತಿಕ್ಕಿ ನೋಡಿ ಹಾಗೇ ಕೂತುಬಿಟ್ಟರು.

"ಇದು ಪಕ್ಕದ ಮನೆಯವಳದ್ದು. ನಮ್ಮಲ್ಲಿಯ ಉಪನಯನಕ್ಕೆಂದು ನಾನು ಎರವಲು ತಂದದ್ದು. ವಾಪಸು ಕೊಟ್ಟಿದ್ದೇನೆ ಎಂದು ನಾನು, ಕೊಟ್ಟಿಲ್ಲ ಎಂದು ಅವಳು. ಆವತ್ತಿನಿಂದ ನಮಗೆ ಮಾತಿಲ್ಲ."

ಎದ್ದು ಆವರಣದ ಗೋಡೆಯ ಹತ್ತಿರ ಹೋಗಿ ಕೂಗಿದರು: "ಹೋಯ್! ನಿನ್ನ ಗಿಂಡಿ ಸಿಕ್ಕಿತು! ನಾನು ಕೊಟ್ಟಿರಲೇ ಇಲ್ಲ!"

ಗೋಡೆಯಾಚೆ ಇನ್ನೊಂದು ಬೆಳ್ಳಿಕೂದಲಿನ ತಲೆ ಕಾಣಿಸಿತು. "ನಾನು ಆವತ್ತೇ ಹೇಳಿದ್ದಲ್ಲವಾ!"

"ಹೇಳಿದ್ದೆ. ಬಾ, ಕಾಫಿ ಕುಡಿಯುವ."

"ಕಾಫಿ ಆಮೇಲೆ. ಆ ಗರಡಿಯನ್ನು ನನ್ನ ಬಾವಿಗೂ ಒಮ್ಮೆ ಹಾಕು. ನನ್ನದೂ ಏನೇನೋ ಬಿದ್ದದ್ದುಂಟು."

ಇಬ್ಬರು ಅಜ್ಜಿಯರೂ ನಮ್ಮ ಗರಡಿ ಹಿಡಿದುಕೊಂಡು ಆಚೆ ಮನೆಗೆ ಹೊರಟೇಹೋದರು. ಗೋಡೆಯಾಚೆಯಿಂದ "ಎಡಕ್ಕೆ! ಎಡಕ್ಕೆ!" ಎಂಬ ಕೂಗು, ನಡುನಡುವೆ ಚಿಕ್ಕ ಹುಡುಗಿಯರ ಹಾಗೆ ಕಿಲಕಿಲ ನಗು. ನಾವು ತೆಂಗಿನ ಬುಡದಲ್ಲಿ ಕೂತು, ಅಜ್ಜಿಯ ಸೊಸೆ ತಂದುಕೊಟ್ಟ ಕಾಫಿ ಕುಡಿದೆವು. ಸಂಜೆ ಅಜ್ಜಿ ನಮ್ಮ ಕೈಗೆ ತಾಗದಂತೆ ಮೇಲಿಂದ ಒಂದು ಇಡೀ ರೂಪಾಯಿ ಹಾಕಿದರು. ಹಗ್ಗವನ್ನೇ ಮುಟ್ಟದೆ ನಾವು ಗಳಿಸಿದ್ದು ಅದೊಂದೇ.

ಮಳೆ ಬಿಟ್ಟ ಮೇಲೆ ಒಂದು ದಿನ ಅತ್ತೆ, "ನಾಳೆ ಮೂಡಬಿದ್ರೆಗೆ ಹೋಗುವ. ನಾವು ಮೂವರೇ" ಎಂದರು. ಮಗನಿಗೆ ಹೇಳಿದ್ದು ದೇವರ ದರ್ಶನಕ್ಕೆಂದು. ದರ್ಶನ ಬೇಗನೆ ಮುಗಿಯಿತು. ಗರಡಿಯ ದುಡ್ಡಿನಲ್ಲಿ ನಾದಿನಿಗೆ ಬಳೆ ತೊಡಿಸಿದೆವು, ನನಗೆ ರವಿಕೆಯ ಕಣ ಕೊಂಡೆವು. ಆಮೇಲೆ ಬಸ್ಸಿನ ಹತ್ತಿರ ಐಸ್‌ಕ್ಯಾಂಡಿ ಮಾರುವವನು ಅತ್ತೆಯ ಕಣ್ಣಿಗೆ ಬಿದ್ದ. ಅವರು ಹುಟ್ಟಿದಂದಿನಿಂದ ಅದನ್ನು ತಿಂದವರಲ್ಲ. ಕಚ್ಚಿದವರೇ ಕಣ್ಣು ಮುಚ್ಚಿ, "ಇದು ಸುಡುವುದಾ, ತಣ್ಣಗಿರುವುದಾ?" ಎಂದು ಕೇಳಿದರು. ಕೇಳುತ್ತಲೇ ಇನ್ನೊಂದು ತೆಗೆದುಕೊಂಡರು.

ಮನೆಗೆ ಬಂದಾಗ ಗಂಡ ಜಗಲಿಯಲ್ಲಿ ಕೂತಿದ್ದರು. "ದರ್ಶನ ಆಯಿತಾ ಅಮ್ಮ?"

"ಆಯಿತು ಮಗಾ" ಎಂದು ಅತ್ತೆ ಬಾಯಿ ತೆರೆದರು. ನಾಲಗೆ ಕೆಂಪು ಕೆಂಪು.

"ನಾಲಗೆಗೆ ಏನಾಯಿತು?"

"ಎಲೆಯಡಿಕೆ."

ಗಂಡ ನಮ್ಮ ಕಡೆ ತಿರುಗಿದರು. ನಾವು ತುಟಿ ಬಿಗಿದು ನಿಂತೆವು. ನಾದಿನಿಗೆ ತಡೆಯಲಾಗಲಿಲ್ಲ, ಬುಸ್ ಎಂದು ನಕ್ಕಳು. ಅವಳ ನಾಲಗೆಯೂ ಕೆಂಪು. ಆಮೇಲೆ ನಾನೂ ನಕ್ಕೆ.

"ನನಗೂ ಒಂದು ತರಬಹುದಿತ್ತಲ್ಲ" ಎಂದರು ಗಂಡ, ಮುಖ ಸಣ್ಣದು ಮಾಡಿ.

"ತಂದಿದ್ದೆ ಮಗಾ" ಎಂದು ಅತ್ತೆ ಒದ್ದೆ ಸೆರಗಿನ ಗಂಟು ಬಿಚ್ಚಿ ಒಂದು ಬಿದಿರಿನ ಕಡ್ಡಿಯನ್ನು ಅವರ ಕೈಗಿಟ್ಟರು. "ದಾರಿಯಲ್ಲಿ ಸಿದ್ಧಕಟ್ಟೆಯವರೆಗೆ ಇತ್ತು."