ಕಿಟಕಿಯಲ್ಲಿ ಬಚ್ಚಿಟ್ಟ ಅವರೆಕಾಳು

ಆಲ್ಕೊಳದ ನಮ್ಮ ಈಗಿನ ಮನೆಗೆ ಬಂದವರು ಅಡುಗೆಮನೆಯ ಬಾಗಿಲಲ್ಲಿ ಕಾಫಿಗೆ ಕಾಯುತ್ತ ನಿಂತಾಗ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಮೊಳೆಗೆ ನೇತುಹಾಕಿದ ಆ ಅಂಗೈಯಗಲದ ಬಟ್ಟೆಚೀಲದಲ್ಲಿ ಏನಿದೆ? ಏನೂ ಇಲ್ಲ ಎನ್ನುತ್ತೇನೆ. ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ, ಹೊಲಿಗೆಯೋ ದಾರಿ ತಪ್ಪಿದ ಇರುವೆಸಾಲು. ಇಂಥ ಖಾಲಿ ಚೀಲವನ್ನು ಇವಳೇಕೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಾಳೆ ಎಂದು ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಹೇಳಿಬಿಡುತ್ತೇನೆ.

ಅದು ತೊಂಬತ್ತರ ದಶಕದ ಕೊನೆ. ದುರ್ಗಿಗುಡಿಯಲ್ಲಿ ಹುಟ್ಟಿ ಬೆಳೆದ ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದು, ಸೈರನ್ ಕೇಳಿ ಒಗ್ಗರಣೆ ಹಾಕುವುದನ್ನು ಚೆನ್ನಾಗಿಯೇ ಕಲಿತಿದ್ದೆ. ಅಲ್ಲಿ ನಮಗೊಂದು ಮಹಿಳಾ ಸಮಾಜವಿತ್ತು: ಹೆಂಚಿನ ಹಾಲ್, ಒಂದಷ್ಟು ಪತ್ರಿಕೆ, ಹೂವಿನ ಹೊದಿಕೆ ಹೊದ್ದು ಮಲಗಿದ ಆರು ಹೊಲಿಗೆ ಮಿಷನ್ನು. ಅಧ್ಯಕ್ಷೆ ಯಾವಾಗಲೂ ದೊಡ್ಡ ಸಾಹೇಬರ ಹೆಂಡತಿ. ವರ್ಷಕ್ಕೊಮ್ಮೆ ಯಾರೋ ಅವರ ಹೆಸರು ಸೂಚಿಸುವುದು, ಉಳಿದವರು ಚಪ್ಪಾಳೆ ತಟ್ಟುವುದು, ಆಮೇಲೆ ಎಲ್ಲರೂ ಸೇರಿ ಉಪ್ಪಿಟ್ಟು ತಿನ್ನುವುದು. ಅಲ್ಲಿಗೆ ನಮ್ಮ ಪ್ರಜಾಪ್ರಭುತ್ವಕ್ಕೆ ಮಂಗಳಾರತಿ. ಕ್ವಾರ್ಟರ್ಸಿನವರಿಗೆ ಮಾತ್ರ ಸದಸ್ಯತ್ವ ಎಂಬುದು ನಿಯಮ. ಹಾಗಾಗಿ ಗೇಟಿನಾಚೆ ಶೆಡ್ಡಿನಲ್ಲಿ ವಾಸವಿದ್ದ, ಗುತ್ತಿಗೆ ಕಾರ್ಮಿಕನ ಹೆಂಡತಿ ಮುನಿಯಮ್ಮ ದಿನವೂ ಆ ಹಾಲ್ ಗುಡಿಸಬಹುದಿತ್ತು, ಮಿಷನ್ನಿನ ಧೂಳು ಒರೆಸಬಹುದಿತ್ತು. ಮಿಷನ್ನಿನ ಮುಂದೆ ಕೂರುವಂತಿರಲಿಲ್ಲ. ಹೊಲಿಗೆ ಕಲಿಯಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಒರೆಸುವ ನೆಪದಲ್ಲಿ ಚಕ್ರವನ್ನು ಒಂದು ಸುತ್ತು ತಿರುಗಿಸಿ ಅದರ ಸದ್ದು ಕೇಳಿ ಹೋಗುತ್ತಿದ್ದಳು.

ಆ ವರ್ಷ ನಾವು ಹನ್ನೊಂದು ಜನ ಹೆಂಗಸರು ಸಾಹೇಬರ ಹೆಂಡತಿಯ ಎದುರು ಒಬ್ಬರನ್ನು ನಿಲ್ಲಿಸಲೇಬೇಕೆಂದು ಪಟ್ಟುಹಿಡಿದೆವು. ಅಬ್ಬಾ, ಆ ಉಮೇದು! ಆದರೆ ನಮ್ಮ ಕಡೆಯಿಂದಲೇ ನಿಲ್ಲುವವರು ಇಬ್ಬರಾದರೆ ಮತ ಒಡೆಯುತ್ತದಲ್ಲ, ಮೊದಲು ನಮ್ಮೊಳಗೇ ಒಂದು ಚುನಾವಣೆ ಆಗಬೇಕಾಯಿತು. ಒಂದು ಕಡೆ ಕಮಲಕ್ಕ, ಕ್ರೇನ್ ಆಪರೇಟರ್ ಒಬ್ಬರ ಹೆಂಡತಿ, ಕಡ್ಡಿ ತುಂಡುಮಾಡಿದಂಥ ಮಾತು. "ಗೆದ್ರೆ ಮೊದಲ್ನೇ ದಿನಾನೇ ಶೆಡ್ಡಿನ ಹೆಂಗಸರನ್ನ ಒಳಗೆ ಕರ್ಕೊಳ್ತೀನಿ. ಇಷ್ಟ ಇದ್ರೆ ವೋಟು ಹಾಕ್ಲಿ, ಇಲ್ದಿದ್ರೆ ಬಿಡ್ಲಿ," ಎನ್ನುತ್ತಿದ್ದರು, ಅದೂ ನಗದೆ. ಇನ್ನೊಂದು ಕಡೆ ಸೆಲ್ವಿಯಕ್ಕ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ನಗುವ ಹೆಂಗಸು. ಯಾರ ಮಗುವಿಗೆ ಹಲ್ಲು ಬಂತು, ಯಾರ ಅತ್ತೆಗೆ ಮಂಡಿನೋವು, ಎಲ್ಲ ಅವರ ನಾಲಗೆ ತುದಿಯಲ್ಲಿ. ಶೆಡ್ಡಿನವರ ವಿಷಯ ಎತ್ತಿದರೆ ಮಾತ್ರ, "ಅದನ್ನ ಗೆದ್ದಮೇಲೆ ನೋಡೋಣ ಕಣ್ರೀ," ಎಂದು ಕೈಗೆ ಚಕ್ಕುಲಿ ಇಡುತ್ತಿದ್ದರು. ಗಂಡಸರ ಭಾಷೆಯಲ್ಲಿ ಹೇಳುವುದಾದರೆ, ಗೆಲ್ಲುವ ಕುದುರೆ.

ಮತದಾನ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಕಾಫಿಯ ಹೊತ್ತಿಗೆ. ಒಬ್ಬೊಬ್ಬರಿಗೂ ಒಂದು ಅವರೆಕಾಳು, ಒಂದು ಹುಣಸೆಬೀಜ. ಕಮಲಕ್ಕನಿಗಾದರೆ ಅವರೆ, ಸೆಲ್ವಿಯಕ್ಕನಿಗಾದರೆ ಹುಣಸೆ; ಒಂದನ್ನು ಡಬ್ಬಿಗೆ ಹಾಕಿ ಇನ್ನೊಂದನ್ನು ಯಾರಿಗೂ ಕಾಣದಂತೆ ವಿಲೇವಾರಿ ಮಾಡಬೇಕು. ಬೀಳುವ ಸದ್ದಿನಿಂದ ಗುಟ್ಟು ರಟ್ಟಾದೀತೆಂದು ಕಾಫಿಪುಡಿ ಡಬ್ಬಿಯ ತಳಕ್ಕೆ ನಮ್ಮವರ ಹಳೆಯ ಬನೀನಿನ ತುಂಡು ಹಾಸಿದ್ದೆ. ಹಾಲ್‌ನ ಬೀಗದಕೈ ನಮ್ಮ ಅಡುಗೆಮನೆ ಕಿಟಕಿಯ ಪಕ್ಕದ ಮೊಳೆಯಲ್ಲಿ ಇರುತ್ತಿತ್ತು. ಬೆಳಿಗ್ಗೆ ಅದನ್ನು ಒಯ್ಯಲು ಬಂದ ಮುನಿಯಮ್ಮನಿಗೆ ಈ ಏರ್ಪಾಟನ್ನೆಲ್ಲ ನಾನೇ ಉತ್ಸಾಹದಿಂದ ವಿವರಿಸಿದ್ದೆ.

"ಅಕ್ಕಾ, ನಿಮ್ದು ಯಾವ ಬೀಜ?" ಎಂದಳು.

"ಕೇಳ್ಬೇಕಾ ಮಾರಾಯ್ತಿ? ಅವರೆಕಾಳೇ!" ಎಂದೆ. ಅವಳ ಮುಖ ಅರಳಿತು.

ಮಧ್ಯಾಹ್ನ ನನ್ನ ಸರದಿ ಬಂದಾಗ ಡಬ್ಬಿಯ ಮುಂದೆ ನಿಂತು ಆ ಕಾಳನ್ನು ಬಾಯಲ್ಲಿಟ್ಟುಕೊಂಡು ಕಚ್ಚಿದೆ. ತಳಮಳವಾದಾಗ ಕೈಗೆ ಸಿಕ್ಕಿದ್ದನ್ನು ಕಚ್ಚುವುದು ನನ್ನ ಹುಟ್ಟುಗುಣ. ಕಮಲಕ್ಕನೇ ಸರಿ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಆಫೀಸರ್ ಲೈನಿನ ಮನೆಗಳವರು ಒಪ್ಪುತ್ತಾರೆಯೇ? ತಮಿಳು ಲೈನಿನವರು? ಸೋತುಹೋದರೆ ಸರಿಯಾಗಿದ್ದು ಏನು ಉಪಯೋಗ? ಹೀಗೆ ಊರಿನವರ ತಲೆಯೊಳಗೆಲ್ಲ ಹೊಕ್ಕು ಹೊರಬಂದು, ನನ್ನ ತಲೆಯನ್ನು ಮಾತ್ರ ಕೇಳದೆ, ಹುಣಸೆಬೀಜ ಹಾಕಿದೆ. ಹಲ್ಲಿನ ಗುರುತು ಬಿದ್ದ ಅವರೆಕಾಳನ್ನು ಅಡುಗೆಮನೆಗೆ ಹೋಗಿ ಕಿಟಕಿಯ ಮೂಲೆಯಲ್ಲಿ ಅಡಗಿಸಿಟ್ಟೆ.

ಡಬ್ಬಿ ಬೋರಲು ಹಾಕಿದರೆ ಹತ್ತು ಹುಣಸೆಬೀಜ, ಒಂದೇ ಒಂದು ಅವರೆಕಾಳು. ಪಾಪ, ಕಮಲಕ್ಕ ತನಗೆ ತಾನೇ ಹಾಕಿಕೊಂಡಿದ್ದಾರೆ ಎಂದು ಎಲ್ಲರೂ ನೆಲ ನೋಡಿದೆವು.

"ಛೆ ಛೆ, ನನಗೆ ನಾನೇ ಹಾಕ್ಕೊಳ್ಳೋಕೆ ಮರ್ಯಾದೆ ಬೇಡ್ವಾ? ನಾನು ಹಾಕಿದ್ದು ಸೆಲ್ವಿಗೆ," ಎಂದರು ಕಮಲಕ್ಕ.

ಹಾಗಾದರೆ ಆ ಒಂದು ಕಾಳು ಯಾರದು? ಮೂಲೆಯಲ್ಲಿ ಕೂತಿದ್ದ ಸೆಲ್ವಿಯಕ್ಕ ಮೆಲ್ಲಗೆ ಕೈಯೆತ್ತಿದರು. "ನಂದು. ನಾನೂ ನನಗೇ ಹಾಕ್ಕೊಳ್ಳೋಕಾಗುತ್ತಾ? ಅಲ್ದೆ... ನಿಜ ಹೇಳ್ಲಾ? ನನಗೂ ಅವರೇ ಆಗ್ಬೇಕು ಅಂತ ಇತ್ತು."

ಆಮೇಲೆ ಎದ್ದ ಗದ್ದಲವನ್ನು ನೀವು ಕೇಳಬೇಕಿತ್ತು! "ನನಗೂ ಅವರೇ ಬೇಕಿತ್ತು," "ನೀವು ಹಾಕಲ್ಲ ಅಂತ ನಾನು ಹಾಕ್ಲಿಲ್ಲ," "ನಾನೆಲ್ಲಿ ಹಾಗಂದೆ ಮಾರಾಯ್ತಿ?" ಎಂದು ಒಬ್ಬರ ಮೇಲೊಬ್ಬರು ಬೀಳುತ್ತ ಹೇಳುವುದರಲ್ಲಿ ಕಾಫಿ ಆರಿ ಕೆನೆಗಟ್ಟಿತು. ಹನ್ನೊಂದೂ ಜನರ ಮನಸ್ಸಿನಲ್ಲಿ ಇದ್ದವರು ಒಬ್ಬರೇ, ಡಬ್ಬಿಯಲ್ಲಿ ಗೆದ್ದವರು ಇನ್ನೊಬ್ಬರು. ಕೊನೆಗೆ ದಾರಿ ತೋರಿದ್ದು ಸೆಲ್ವಿಯಕ್ಕನೇ. "ಕಮಲಕ್ಕ ನಿಲ್ಲಲಿ. ಮನೆಮನೆಗೆ ನಾನೂ ಬರ್ತೀನಿ. ಮಾತು ಅವರಾಡಲಿ, ನಗೋದು ನನಗೆ ಬಿಡಿ."

ಹೋದೆವು ನೋಡಿ, ಲೈನಿನಿಂದ ಲೈನಿಗೆ! ಕಮಲಕ್ಕ ಶೆಡ್ಡಿನ ಹೆಂಗಸರ ವಿಷಯವನ್ನು ಒಂದಕ್ಷರ ಬಿಡದೆ ಹೇಳುವರು. ಎದುರಿನ ಮುಖ ಬಿಗಿಯುವ ಹೊತ್ತಿಗೆ ಸೆಲ್ವಿಯಕ್ಕ ಮಗುವನ್ನೆತ್ತಿಕೊಂಡು ಮುದ್ದಿಸುವರು. ತತ್ತ್ವವೆಂಬುದು ತಾನಾಗಿ ಹೊಸ್ತಿಲು ದಾಟುವುದಿಲ್ಲ, ಯಾರಾದರೂ ನಗುನಗುತ್ತ ಕೈಹಿಡಿದು ಒಳಗೆ ಕರೆದೊಯ್ಯಬೇಕು ಎಂಬುದನ್ನು ನಾನು ಕಲಿತದ್ದು ಆ ವಾರದಲ್ಲಿ. ಆಫೀಸರ್ ಲೈನಿನ ಎಂಜಿನಿಯರ್ ಒಬ್ಬರ ಹೆಂಡತಿ ಏನೆಂದರು ಗೊತ್ತೆ? "ನನಗೇನೋ ಇಷ್ಟಾನೇ. ಆದ್ರೆ ನಿಮ್ಮ ಲೈನಿನವರು ಒಪ್ತಾರಾ?" ನಾವು ಅವರಿಗೆ ಹೆದರಿ ಕೂತಿದ್ದೆವು, ಅವರು ನಮಗೆ! ದೊಡ್ಡ ದೊಡ್ಡ ಚುನಾವಣೆಗಳಲ್ಲಿ "ಮನುಷ್ಯ ಒಳ್ಳೆಯವನು, ಆದರೆ ಗೆಲ್ಲಲ್ಲ" ಎಂದು ಹೋಟೆಲಿನ ಬೆಂಚಿನಲ್ಲಿ ತೀರ್ಪು ಕೊಡುವವರನ್ನು ಕಂಡಾಗಲೆಲ್ಲ ನನಗೆ ಆ ಎಂಜಿನಿಯರ್ ಹೆಂಡತಿ ನೆನಪಾಗುತ್ತಾರೆ. ಗೆಲ್ಲುವುದಿಲ್ಲ ಎಂದು ನಾವೆಲ್ಲ ಸೇರಿ ನಂಬಿದರೆ ಅವನು ಗೆಲ್ಲುವುದಾದರೂ ಹೇಗೆ? ಹಾಗೆಂದು ಲೆಕ್ಕಾಚಾರವೇ ತಪ್ಪೆಂದು ನಾನು ಹೇಳಲಾರೆ. ಕಮಲಕ್ಕ ಒಬ್ಬರೇ ಹೋಗಿದ್ದರೆ ಅರ್ಧ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಗೆದ್ದೆವು! ನಾಲ್ಕೇ ನಾಲ್ಕು ಮತದಿಂದ. ಎಣಿಕೆ ಮುಗಿದಾಗ ನಾನು ಹಾಕಿದ ಕೂಗು ಕಾರ್ಖಾನೆಯ ಗೇಟಿನವರೆಗೆ ಕೇಳಿಸಿತಂತೆ. ಕಮಲಕ್ಕ ಮಾತಿಗೆ ತಪ್ಪದೆ ಮೊದಲ ಸಭೆಯಲ್ಲೇ ನಿಯಮ ಬದಲಿಸಿದರು. ತಿಂಗಳೊಪ್ಪತ್ತಿನಲ್ಲಿ ಮುನಿಯಮ್ಮ ತಾನು ಹೊಲಿದ ಮೊಟ್ಟಮೊದಲ ವಸ್ತುವನ್ನು ತಂದು ನನ್ನ ಕೈಗಿಟ್ಟಳು. ಅದೇ ಈ ಸೊಟ್ಟ ಚೀಲ. ಒಳಗೇನೋ ಗುಂಡಗೆ ಸಿಕ್ಕಿತು. ಖಾಲಿ ಚೀಲ ಕೊಡಬಾರದೆಂದು ಏನೋ ಹಾಕಿದ್ದಾಳೆ ಎಂದುಕೊಂಡು, ಅವಳು ಹೋದಮೇಲೆ ಅಂಗೈಗೆ ಸುರಿದುಕೊಂಡೆ. ಅವರೆಕಾಳು. ಅದರ ಮೈಮೇಲೆ ನನ್ನ ಹಲ್ಲಿನ ಗುರುತು.

ನಾಚಿಕೆಯಿಂದ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಮತದಾನದ ಸಂಜೆ ಬೀಗದಕೈ ನೇತುಹಾಕಲು ಬಂದಾಗ ಕಿಟಕಿಯಲ್ಲಿ ಅವಳಿಗದು ಸಿಕ್ಕಿರಬೇಕು. ಬೆಳಿಗ್ಗೆ ಮಾತು ಕೊಟ್ಟ ಅಕ್ಕ ಮಧ್ಯಾಹ್ನ ಏನು ಮಾಡಿದಳೆಂದು ಅಂದೇ ತಿಳಿದಿದ್ದರೂ ಅವಳು ಒಂದು ಮಾತು ಆಡಿರಲಿಲ್ಲ. ಕ್ಷಮೆ ಕೇಳಲು ನನಗೂ ಬಾಯಿ ಬರಲಿಲ್ಲ. ಕಾಳನ್ನು ಚೀಲಕ್ಕೆ ಮರಳಿಸಿ, ಅದೇ ಮೊಳೆಗೆ ತೂಗುಹಾಕಿದೆ.

ಮರುವರ್ಷ ಕಾರ್ಯದರ್ಶಿ ಸ್ಥಾನಕ್ಕೆ ಮುನಿಯಮ್ಮ ತಾನು ನಿಲ್ಲುತ್ತೇನೆಂದಳು. ಮತ್ತೆ ನಮ್ಮ ಮನೆ, ಮತ್ತೆ ಕಾಫಿ, ಮತ್ತೆ ಅದೇ ಡಬ್ಬಿ. ಅವರೆ ಮುನಿಯಮ್ಮನಿಗೆ, ಹುಣಸೆ ಇನ್ನೊಬ್ಬರಿಗೆ. ಈ ಸಲ ಅವಳೂ ನಮ್ಮ ಸಾಲಿನಲ್ಲೇ ಚಾಪೆಯ ಮೇಲೆ ಕೂತಿದ್ದಳು. ನನ್ನ ಪಕ್ಕದವರು ಕಿವಿಯಲ್ಲಿ ಪಿಸುಗುಟ್ಟಿದರು: "ಹುಡುಗಿ ಚೆನ್ನಾಗೇ ಮಾಡ್ತಾಳೆ. ಆದ್ರೆ ಶೆಡ್ಡಿನವಳಿಗೆ ಯಾರು ಹಾಕ್ತಾರೆ ಹೇಳಿ?"

ನಾನು ಎದ್ದೆ. ಡಬ್ಬಿಯೊಳಗಿನ ಬನೀನಿನ ತುಂಡನ್ನು ತೆಗೆದು ಬಿಸಾಡಿದೆ. ಮೊಳೆಯಿಂದ ಚೀಲ ಇಳಿಸಿ, ವರ್ಷವಿಡೀ ಕಾದಿದ್ದ ಕಾಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಬಿಟ್ಟೆ. ಠಣ್ ಎಂದಿತು. ಮುನಿಯಮ್ಮ ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಚೀಲವನ್ನು.

ಅಂದಿನಿಂದ ಅದು ಖಾಲಿ.