ಪಟ್ಟಿಯಲ್ಲಿಲ್ಲದ ಪಂದ್ಯ

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಮಾತ್ರೆ ಕಾರ್ಖಾನೆಯೊಂದರಲ್ಲಿ ನನ್ನದು ಕ್ವಾಲಿಟಿ ವಿಭಾಗ. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ಬರೆದಿಡದ್ದು ನಡೆದೇ ಇಲ್ಲ ಎನ್ನುವುದು ನಮ್ಮ ಕಸುಬಿನ ವೇದವಾಕ್ಯ. ಮನೆಯಲ್ಲೂ ಇದೇ ಚಾಳಿ ಎಂದು ಹೆಂಡತಿ ಬೈಯುತ್ತಿದ್ದಳು, ಸುಳ್ಳೇನಲ್ಲ.

ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬರು. ಹಿರಿಯರನ್ನು ಅಲ್ಲಿ ಮ್ಜೇ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಶನಿವಾರ ಬಂತೆಂದರೆ ಅವರ ನೀಲಿ ಕೋಟಿನೊಳಗೆ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಕೆಂಪಂಗಿ. ಕೀನ್ಯಾ ದಾಟಿ ಹೋಗದ ಮನುಷ್ಯನಿಗೆ ಅಷ್ಟು ದೂರದ ತಂಡದ ಮೇಲೆ ಇಷ್ಟು ಪ್ರೀತಿ ಯಾಕೆ? ನನ್ನ ತಲೆಗೆ ಹುಳ ಹೊಕ್ಕಿತು. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರದ ನಾನು ಹತ್ತು ಗಂಟೆಯ ಚಹಾಕ್ಕೆ ದಿನಾ ಸ್ಟೋರ್ಸಿಗೇ ಹೋಗತೊಡಗಿದೆ.

ಹೇಳಲು ಅವರಿಗೂ ಹುರುಪು. ರೈಲ್ವೆ ಕೆಲಸಗಾರರು ಕಟ್ಟಿದ ತಂಡವಂತೆ ಅದು. ಒಮ್ಮೆ ದಿವಾಳಿಯೆದ್ದು ಬದುಕಿಕೊಂಡಿತಂತೆ. ವಿಮಾನ ಬಿದ್ದು ಎಳೆಯ ಆಟಗಾರರು ಸತ್ತದ್ದನ್ನು ಹೇಳುವಾಗ ಅವರು ಲೋಟ ಕೆಳಗಿಡುತ್ತಿದ್ದರು. ಹತ್ತೇ ವರ್ಷಕ್ಕೆ ಅದೇ ತಂಡ ಯುರೋಪಿನ ಕಪ್ ಎತ್ತಿತು. ಆಮೇಲೆ ಎಷ್ಟೋ ವರ್ಷ ಲೀಗ್ ಗೆಲ್ಲದೆ ಒದ್ದಾಡಿ, ಈಚೆಗೆ ಒಂದೇ ಸೀಸನ್ನಿನಲ್ಲಿ ಮೂರು ಕಪ್. ನಾನು ಕಥೆ ಕೇಳುವ ಮಗುವಿನ ಹಾಗೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದೆ.

ಒಂದು ದಿನ ಅವರೇ ಗುಟ್ಟು ಬಿಚ್ಚಿದರು. ಅವರ ಅಪ್ಪ ನೈರೋಬಿಯ ರೈಲ್ವೆಯಲ್ಲಿ ಎಂಜಿನ್ ತೊಳೆಯುತ್ತಿದ್ದವರು. ಬಿಳಿಯರ ಕಾಲದಲ್ಲಿ ಆ ಕ್ಲಬ್ಬಿನವರು ನೈರೋಬಿಗೆ ಬಂದು ಆಡಿದ್ದರಂತೆ. ಅಪ್ಪ ಗೋಲಿನ ಹಿಂದೆ ನಿಂತು, ಹೊರಗೆ ಬಂದ ಚೆಂಡನ್ನು ತಿರುಗಿ ಒದ್ದುಕೊಟ್ಟಿದ್ದರಂತೆ. ಸಾಯುವವರೆಗೂ ಅದನ್ನೇ ಹೇಳುತ್ತಿದ್ದರಂತೆ.

ಕೇಳಿ ಖುಷಿಯಾಯಿತು. ಅಲ್ಲಿಗೆ ಬಿಡಬೇಕಿತ್ತು. ಯಾವ ವರ್ಷ, ಎಷ್ಟು ಗೋಲು ಎಂದು ನನಗೆ ತಿಳಿಯಲೇಬೇಕು. ಒಂದು ವಾರ ಊಟದ ಹೊತ್ತಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಆ ಕ್ಲಬ್ಬಿನ ಆ ಕಾಲದ ಪ್ರವಾಸಗಳ ಪಟ್ಟಿ ಸಿಕ್ಕಿತು. ನೈರೋಬಿ ಅದರಲ್ಲಿ ಇರಲಿಲ್ಲ. ಪ್ರಿಂಟ್ ತೆಗೆದು, ತಪ್ಪು ಸಿಕ್ಕಾಗ ಮಾಡುವ ಹಾಗೇ ಕೆಂಪು ಗೆರೆ ಎಳೆದು ಅವರ ಮುಂದಿಟ್ಟೆ. ಅಪ್ಪ ನೋಡಿದ್ದು ಬೇರೆ ಯಾವುದೋ ತಂಡ ಇರಬೇಕು ಎಂದೆ. ಪತ್ತೆ ಹಚ್ಚಿದ ಹೆಮ್ಮೆ ಬೇರೆ.

ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. "ನಮ್ಮಪ್ಪನಿಗೆ ಬರೆಯೋಕೆ ಬರ್ತಿರಲಿಲ್ಲ, ಬಾಸ್," ಎಂದು ಕಾಗದ ಮಡಚಿ ಜೇಬಿಗಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಟ್ಟಿಗಳೂ ಪೂರ್ತಿ ಇರುವುದಿಲ್ಲ ಎಂದು ತೊದಲಿದೆ. ಅವರು ಚಹಾ ಬಗ್ಗಿಸಿಕೊಟ್ಟರು.

ಆ ಶನಿವಾರ ಅವರ ಕ್ಲಬ್ಬು ಗೆದ್ದಿತ್ತು. ಸೋಮವಾರ ಲೋಟ ಹಿಡಿದು ಹೋಗಿ, ಆಟ ಹೇಗಿತ್ತು ಮ್ಜೇ ಎಂದು ಕೇಳಿದೆ.

ಅವರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಕಂಪ್ಯೂಟರಿನಲ್ಲಿ ಇರುತ್ತೆ, ಬಾಸ್. ನೋಡ್ಕೊಳ್ಳಿ."

ನಾಚಿಕೆಯಿಂದ ಕುಗ್ಗಿಹೋದೆ. ಅವರ ಸರ್ವಿಸಿನಲ್ಲಿ ಇನ್ನೂ ಒಂದು ವರ್ಷವಿತ್ತು. ಅಷ್ಟು ದಿನವೂ ನಾವು ಮಾತ್ರೆಗೆ ಬೆರೆಸುವ ಸ್ಟಾರ್ಚಿನ ಮೂಟೆಗಳ ಬಗ್ಗೆಯಷ್ಟೇ ಮಾತಾಡಿದೆವು.